ಪಟ್ಟಿಗೆ ಸೇರಬೇಕಾದ ಆಲ್ಬಂಗಳು

ಹೆಚ್ಚು ಪ್ರಚಾರ ಸಿಗದ ಸಂಗೀತ ಆಲ್ಬಂಗಳನ್ನು ಪಟ್ಟಿ ಮಾಡಿ ಪರಿಚಯಿಸಿದ ಲೇಖನವೊಂದನ್ನು ಓದಿದೆ; ಅದು ಸ್ವಾಗತಾರ್ಹ. ಆದರೆ ಪಟ್ಟಿಯ ಬಹುಪಾಲು ರಾಕ್ ಸಂಗೀತಕ್ಕೇ ಮೀಸಲಾಗಿರುವುದರಿಂದ, ಮಂಗಳೂರಿನ ಓದುಗನಾಗಿ ಕೆಲವನ್ನು ಸೇರಿಸಬಯಸುತ್ತೇನೆ. ಕರ್ನಾಟಕ ಶಾಸ್ತ್ರೀಯ ಸಂಗೀತವನ್ನು ಸ್ಯಾಕ್ಸೊಫೋನಿನಲ್ಲಿ ನುಡಿಸಿದ ಕದ್ರಿ ಗೋಪಾಲನಾಥರನ್ನು ನಮ್ಮೂರಿನಲ್ಲಿ ಅರಿಯದವರಿಲ್ಲ, ಆದರೆ ಅವರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ ನುಡಿಸಿದ, 2008ರಲ್ಲಿ ಬಿಡುಗಡೆಯಾದ ‘ಕಿನ್ಸ್‌ಮೆನ್’ ಆಲ್ಬಮನ್ನು ಕೇಳಿದವರು ಇಲ್ಲಿ ವಿರಳ. ವಿದ್ಯಾರ್ಥಿಯಾಗಿದ್ದ ರುದ್ರೇಶರಿಗೆ ಅವರ ಸಹೋದರ ತಮಾಷೆಗೆಂದು ಕೊಟ್ಟ ಕದ್ರಿಯವರ ಧ್ವನಿಮುದ್ರಿಕೆಯೇ ಈ ಜೊತೆಗಾರಿಕೆಗೆ ನಾಂದಿಯಾಯಿತಂತೆ! ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನೇ ಆದರೂ, ಗಮಕಗಳಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಕದ್ರಿಯವರ ನಾದವನ್ನು ರುದ್ರೇಶರ ಹರಿತವಾದ, ರಭಸದ ನುಡಿಕೆಯಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ. ಎ. ಕನ್ಯಾಕುಮಾರಿಯವರ ವಯಲಿನ್ ಹಾಗೂ ಪೂವಲೂರು ಶ್ರೀಜಿಯವರ ಮೃದಂಗ ಇಲ್ಲಿ ಗಿಟಾರ್, ಡ್ರಮ್ಸ್‌ಗಳೊಡನೆ ಸರಿಸಮವಾಗಿ ನಿಲ್ಲುತ್ತವೆ. ಒಬ್ಬರು ನುಡಿಸುವಾಗ ಇನ್ನೊಬ್ಬರು ಸುಮ್ಮನೆ ತಲೆದೂಗುವ ಎಷ್ಟೋ ಫ್ಯೂಷನ್ (ಬೇರೆ ಬೇರೆ ಸಂಗೀತ ಶೈಲಿಗಳನ್ನು ಬೆರೆಸುವ) ಕಛೇರಿಗಳಿಗಿಂತ (ಅವು ನನಗೆ ಅಷ್ಟಾಗಿ ಒಗ್ಗುವುದಿಲ್ಲ) ಇದು ಬಹಳ ಮೇಲು.

ಇದು ಹಿಡಿಸಿದವರು, ಮುಂಬೈ ಮೂಲದ ಗಿಟಾರ್ ವಾದಕ ಅಮಾನ್ಸಿಯೊ ಡಿಸಿಲ್ವ ಮತ್ತು ಜಮೈಕಾ ಮೂಲದ ಸ್ಯಾಕ್ಸೊಫೋನ್ ವಾದಕ ಜೋ ಹ್ಯಾರಿಯಟ್ ಕೂಡಿ 1969ರಲ್ಲಿ ಹೊರತಂದ ‘ಹಮ್ ದೋನೊ’ ಆಲ್ಬಮನ್ನೂ ಕೇಳಬಹುದು. ಎಲೆಕ್ಟ್ರಾನಿಕ್ ಸಂಗೀತದ ಆಸಕ್ತರಿಗೆ, ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಜರ್ ಹಾಗೂ ಡಿಸ್ಕೊ ಲಯಕ್ಕೆ ಅಳವಡಿಸಿದ ಆಲ್ಬಂ ಇದೆ. ಶಾಸ್ತ್ರೀಯ ಸಂಗೀತ ಬಲ್ಲವರು ಹುಬ್ಬುಗಂಟಿಕ್ಕುವ ಮುನ್ನ ಅದರ ಭೈರವ್ ರಾಗವನ್ನೊಮ್ಮೆ ಪೂರ್ತಿಯಾಗಿ ಆಲಿಸಲಿ.