ಎಡಕ್ಕೆ ಮಾತ್ರ ತಿರುಗುವ ಕಾರು

ಅಮೆರಿಕದ ಅಯೋವಾದಲ್ಲಿ ಮೆಕ್ಕೆಜೋಳ, ಹಂದಿ ಬಿಟ್ಟರೆ ಜಾಸ್ತಿ ಕಾಣಿಸೋದು ಗುಜರಿ ಕಾರು. ಹೊಲದ ಅಂಚಲ್ಲಿ, ಹಿತ್ತಲಲ್ಲಿ, ಶೆಡ್ಡಿನ ಹಿಂದೆ ಒಂದೊಂದು ಬಿದ್ದಿರುತ್ತದೆ. ಇದೇನಪ್ಪಾ ಅಂತ ಮನೆಯವರನ್ನು ಕೇಳಿ ನೋಡಿ. 'ನನ್ನ ರೇಸ್ ಕಾರು' ಅಂತ ಎದೆಯುಬ್ಬಿಸಿ ಹೇಳುತ್ತಾರೆ.

ನಾನು ಇಲ್ಲಿಗೆ ಬಂದಿದ್ದು ಕಂಪ್ಯೂಟರ್ ಕೆಲಸಕ್ಕೆ. ಪಕ್ಕದ ಮನೆಯವನು ಪ್ಲಂಬರ್. ರಾತ್ರಿಯೆಲ್ಲ ಅವನ ಗ್ಯಾರೇಜಿನಿಂದ ಗ್ರೈಂಡರ್ ಸದ್ದು ಬರುತ್ತಿತ್ತು. ಒಂದಿನ 'ಸ್ವಲ್ಪ ಈ ತುದಿ ಹಿಡ್ಕೋ ಬಾ' ಅಂತ ಕರೆದ. ಹಿಡಿದುಕೊಂಡೆ. ಇನ್ನೂ ಬಿಟ್ಟಿಲ್ಲ.

ಅವನದು ಎಂಬತ್ತರ ದಶಕದ ಶೆವರ್ಲೆ ಮಾಂಟೆ ಕಾರ್ಲೊ. ಸೀಟು, ಗಾಜು, ಕಾರ್ಪೆಟ್ಟು ಎಲ್ಲ ಕಿತ್ತೆಸೆದು, ಕಾರು ಪಲ್ಟಿಯಾದರೂ ತಲೆ ಉಳಿಯಲಿ ಅಂತ ಒಳಗೆ ಕಬ್ಬಿಣದ ಪೈಪಿನ ಪಂಜರ ವೆಲ್ಡ್ ಮಾಡಿದ್ದಾನೆ. ಮುಂದಿನ ಗಾಜಿನ ಜಾಗದಲ್ಲಿ ಜಾಲರಿ. ಬಾಗಿಲು ತೆರೆಯೋ ಹಾಗಿಲ್ಲ, ಕಿಟಕಿಯಿಂದಲೇ ನುಗ್ಗಬೇಕು. ಚಳಿಗಾಲವೆಲ್ಲ ಬಿಯರ್ ಕುಡಿಯುತ್ತಾ ಈ ಕಾರು ಕಟ್ಟಿದವನಿಗೆ ವಸಂತದಲ್ಲಿ ಒಂದು ಸತ್ಯ ಗೊತ್ತಾಯಿತು. ಕಾಲು ಒಳಗೆ ಹೋಯಿತು, ಹೊಟ್ಟೆ ಆಚೆ ಉಳಿಯಿತು. ಹೆಂಡತಿ ಬಂದು ಭುಜ ಹಿಡಿದು ಒತ್ತಿದ ಮೇಲೆ ಚಾಲಕ ಒಳಗಿಳಿದ. ವಾಪಸ್ ಬರೋದು ಹೇಗೆ ಅಂತ ಆಗ ಯಾರೂ ಯೋಚನೆ ಮಾಡಲಿಲ್ಲ.

ಮಣ್ಣಿನ ಟ್ರ್ಯಾಕ್ ಅಂಡಾಕಾರದ್ದು. ಸುತ್ತೋದು ಯಾವಾಗಲೂ ಎಡಕ್ಕೇ. ಅದಕ್ಕೆ ಹಿಂದಿನ ಬಲಗಡೆ ಟೈರಿನ ಸುತ್ತಳತೆ ಎಡಗಡೆಯದಕ್ಕಿಂತ ಕೆಲವು ಇಂಚು ಜಾಸ್ತಿ ಇಡುತ್ತಾರೆ. ಎರಡೂ ಹಿಂದಿನ ಚಕ್ರ ಒಟ್ಟಿಗೇ ತಿರುಗುವ ಹಾಗೆ ಲಾಕ್ ಮಾಡಿರುತ್ತಾರೆ. ದೊಡ್ಡ ಚಕ್ರ ಮುಂದೆ ಓಡುತ್ತದೆ, ಕಾರು ತಾನಾಗೇ ಎಡಕ್ಕೆ ವಾಲುತ್ತದೆ. ಗಾಳಿ ಒಂಚೂರು ಹೆಚ್ಚುಕಮ್ಮಿ ಆದರೂ ಈ ಲೆಕ್ಕ ತಪ್ಪುತ್ತದೆ. ಅದಕ್ಕೇ ಟೈರಿಗೆ ಟೇಪು ಸುತ್ತಿ ಅಳೆಯುತ್ತಲೇ ಇರಬೇಕು. ಅವನ ಟೇಪು ಎಲ್ಲೋ ಕಳೆದುಹೋಗಿತ್ತು. 'ರೀ, ನನ್ನ ಬ್ಲೌಸ್ ಅಳತೆ ಟೇಪ್ ಯಾಕ್ರೀ ಗ್ರೀಸ್ ನಾರ್ತಿದೆ?' ಅಂತ ನನ್ನ ಹೆಂಡತಿ ಕೇಳಿದ್ದು ಆ ವಾರವೇ.

ಟ್ರ್ಯಾಕಿನಲ್ಲಿ ಈ ಎಡದ ಮೋಹ ಸರಿ. ಕಾರನ್ನು ಟ್ರೇಲರಿಗೆ ಏರಿಸುವಾಗ? ನಾನೂ ಅವನೂ ಹಿಂದಿನಿಂದ ತಳ್ಳುತ್ತಿದ್ದೆವು. ಸ್ಟೀರಿಂಗ್ ಹಿಡಿಯಲು ಅವನ ಅಕ್ಕನ ಮಗ ಒಳಗಿದ್ದ. ಹುಡುಗ ಹಿಡಿದಿದ್ದು ಫೋನು. ಟ್ರೇಲರ್ ಎದುರಿಗಿತ್ತು, ಎಡಗಡೆ ಎದುರುಮನೆ ಅಜ್ಜಿಯ ಟ್ಯೂಲಿಪ್ ಪಾತಿ. ಕಾರು ತನ್ನ ಸ್ವಭಾವ ಬಿಡಲಿಲ್ಲ. ಅಜ್ಜಿ ಜಗುಲಿಯಲ್ಲಿ ಕಾಫಿ ಕುಡಿಯುತ್ತಾ ಪೂರ್ತಿ ನೋಡಿದರು. ಕೊನೆಗೆ 'ಈ ಸಲ ಕಾರು ಚೆನ್ನಾಗಿ ತಿರುಗ್ತಿದೆ' ಅಂದರು. ಅವರ ಗಂಡನೂ ಒಂದು ಕಾಲದಲ್ಲಿ ರೇಸ್ ಓಡಿಸುತ್ತಿದ್ದರಂತೆ!

ಇಲ್ಲಿ ಇದು ಮನೆಮನೆಯ ಹುಚ್ಚು. ಇಂಥ ರೇಸುಗಳಿಗೆ ನಿಯಮ ಮಾಡುವ ಐಎಂಸಿಎ ಎಂಬ ಸಂಸ್ಥೆ 1915ರದ್ದು. ಅದರ ದೊಡ್ಡ ಜಾತ್ರೆ ಸೆಪ್ಟೆಂಬರಿನಲ್ಲಿ ಇಲ್ಲಿಯ ಬೂನ್ ಎಂಬ ಊರಲ್ಲಿ ನಡೆಯುತ್ತದೆ. ದುಡ್ಡಿದ್ದವನೇ ಗೆಲ್ಲಬಾರದು ಅಂತ ಈ ರೇಸಿನವರು ಮಾಡಿಕೊಂಡ ಒಂದು ನಿಯಮ ನನಗೆ ಬಹಳ ಇಷ್ಟ. ಕೆಲವು ವರ್ಗಗಳಲ್ಲಿ, ಮುಂದೆ ಬಂದವನ ಇಂಜಿನ್ನನ್ನು ಹಿಂದೆ ಬಿದ್ದವನು ನಿಗದಿಯಾದ ಅಗ್ಗದ ಬೆಲೆಗೆ 'ನಂಗೆ ಕೊಡು' ಅಂತ ಕೇಳಬಹುದು. ಆಮೇಲೆ ಯಾರು ತಾನೆ ಇಂಜಿನ್ನಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ? ನಮ್ಮ ಪ್ಲಂಬರನ ಇಂಜಿನ್ನಿಗೆ ಆ ಗಂಡಾಂತರ ಇನ್ನೂ ಬಂದಿಲ್ಲ.

ಶನಿವಾರ ಸಂಜೆ ಟ್ರ್ಯಾಕಿಗೆ ಹೋದರೆ ಮೊದಲು ಗೇಟಿನಲ್ಲಿ ದುಡ್ಡು ಕಟ್ಟಬೇಕು. ಪಿಟ್ಟಿನಲ್ಲಿ, ಅಂದರೆ ಟ್ರ್ಯಾಕ್ ಪಕ್ಕ ಕಾರು ರಿಪೇರಿ ಮಾಡೋ ಜಾಗದಲ್ಲಿ, ಸ್ಪ್ಯಾನರ್ ಎತ್ತಿಕೊಡಲು ಬಂದ ನಾನೂ ಕಟ್ಟಬೇಕು. ಕೂಲಿ ಮಾಡೋಕೆ ನಾವೇ ಕೂಲಿ ಕೊಡೋದು. ಅಲ್ಲಿಗೂ ಮುಗಿಯಲಿಲ್ಲ. ಜೇಡಿಮಣ್ಣಿಗೆ ನೀರು ಹೊಡೆದು ಕೆಸರು ಮಾಡಿರುತ್ತಾರೆ. ಅದು ಗಟ್ಟಿಯಾಗೋಕೆ 'ಎಲ್ಲರೂ ನಿಧಾನಕ್ಕೆ ನಾಲ್ಕು ಸುತ್ತು ಬನ್ನಿ' ಅಂತ ಮೈಕಿನಲ್ಲಿ ಕೂಗುತ್ತಾರೆ. ಚಳಿಗಾಲವೆಲ್ಲ ಬೆವರು ಸುರಿಸಿ ಕಟ್ಟಿದ ರೇಸ್ ಕಾರು ಮೊದಲು ಮಾಡೋದು ರೋಡ್ ರೋಲರ್ ಕೆಲಸ!

ರಾತ್ರಿಯಾಗುತ್ತಾ ಅದೇ ಮಣ್ಣು ಒಣಗಿ, ಟೈರು ಉಜ್ಜಿ ಉಜ್ಜಿ, ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದ ಹಾಗೆ ನುಣುಪಾಗುತ್ತದೆ. ಆಗ ಹಿಂದಿನ ಚಕ್ರ ಜಾರುತ್ತದೆ, ಎಡಕ್ಕೆ ಹೋಗುವವನು ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿಕೊಂಡು ಹೋಗುತ್ತಾನೆ. ಕಿವಿಯಲ್ಲಿ ಒಂದು ರೇಡಿಯೋ. ಅಧಿಕಾರಿ ಹೇಳಿದ್ದು ಕೇಳುತ್ತದೆ, ಇವನು ಬೈದದ್ದು ಅವರಿಗೆ ಕೇಳಿಸೋದಿಲ್ಲ. ಅದನ್ನು ಕಂಡುಹಿಡಿದ ಪುಣ್ಯಾತ್ಮ ಎಷ್ಟೋ ಜನರ ಲೈಸೆನ್ಸ್ ಉಳಿಸಿದ್ದಾನೆ.

ನಮ್ಮ ಕಾರಿನ ನಂಬರು 18. ಮೊದಲ ಓಟದಲ್ಲೇ ಯಾರೋ ಪಕ್ಕಕ್ಕೆ ಗುದ್ದಿ ತಗಡು ಸಿಪ್ಪೆ ಸುಲಿದ ಹಾಗಾಯಿತು. 8 ಇದ್ದ ಅರ್ಧ ತಗಡು ಹರಿದುಬಿತ್ತು, ಉಳಿದದ್ದಕ್ಕೆ ಟೇಪು ಸುತ್ತಿ ಕಳಿಸಿದೆವು. ಕೊನೇ ಓಟದಲ್ಲಿ ಏನಾಯಿತೋ, ಮುಂದಿದ್ದ ಐದಾರು ಕಾರು ಒಂದಕ್ಕೊಂದು ಡಿಕ್ಕಿ ಹೊಡೆದು ಪಕ್ಕಕ್ಕೆ ಸರಿದವು. ನಮ್ಮವನು ಸುಮ್ನೆ ನಡುವೆ ತೂರಿಕೊಂಡು ಮುಂದೆ ಬಂದುಬಿಟ್ಟ. ಯಾವ ಕಾರು ಎಷ್ಟು ಸುತ್ತು ಬಂತು ಅಂತ ಲೆಕ್ಕ ಇಡೋಕೆ ಕಾರಿನಲ್ಲಿ ಟ್ರಾನ್ಸ್‌ಪಾಂಡರ್ ಎಂಬ ಪುಟ್ಟ ಯಂತ್ರ ಇರುತ್ತದೆ, ಮೈಕ್ ಹಿಡಿದವನಿಗೆ ಕಣ್ಣೇ ಗತಿ. 'ಒಂದನೇ ನಂಬರಿನ ಕಾರು! ಏನು ಧೈರ್ಯ, ಏನು ಜಾಣ್ಮೆ!' ಅಂತ ಕಿರುಚಿದ. ಒಂದನೇ ನಂಬರಿನ ಚಾಲಕ ಆಕ್ಸಲ್ ಮುರಿದುಕೊಂಡು ನಮ್ಮ ಪಕ್ಕದಲ್ಲೇ ಹಾಟ್ ಡಾಗ್ ತಿನ್ನುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ಅವನು ಎದ್ದುನಿಂತು ಕೈಬೀಸಿದ.

ಭಾನುವಾರ ತೊಳೆಯೋ ಕೆಲಸ. ಚಕ್ರದೊಳಗೆ, ಇಂಜಿನ್ ಸಂದಿಯಲ್ಲಿ, ಸೀಟಿನ ಕೆಳಗೆ ಎಲ್ಲೆಲ್ಲೂ ಹೆಂಟೆ ಹೆಂಟೆ ಮಣ್ಣು. ಪ್ರೆಷರ್ ಪೈಪು ಹಿಡಿದು ನಿಂತಿದ್ದಾಗ ಅಮ್ಮನ ವಿಡಿಯೋ ಕರೆ ಬಂತು. ಮೈಯೆಲ್ಲ ಕೆಸರು ನೋಡಿ, 'ಗದ್ದೆ ಕೆಲಸ ಬೇಡ ಅಂತ ತಾನೆ ಮಗಾ ನಿನ್ನ ಓದಿಸಿದ್ದು?' ಅಂದರು. ಪಕ್ಕದ ಮನೆಯವರ ಕಾರು ತೊಳೀತಿದ್ದೀನಮ್ಮ ಅಂದೆ.

ಸಂಜೆಯೊಳಗೆ ತಿಪಟೂರಿನಿಂದ ಮಾವನ ಫೋನು. 'ಕೆಲಸ ಹೋಯ್ತಂತಲ್ಲೋ? ಕಾರು ತೊಳ್ಕೊಂಡು ಇದ್ದೀಯಂತೆ.' ಹೋಗಿಲ್ಲ ಮಾವ, ಅದು ರೇಸ್ ಕಾರು, ಎಡಕ್ಕೇ ತಿರುಗುತ್ತೆ, ಅದಕ್ಕೆ ಟೈರು ಹೀಗಿರುತ್ತೆ ಅಂತ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದನಿ ತಗ್ಗಿಸಿ, 'ಊರಲ್ಲಿ ತೋಟ ಇದೆ, ಬಂದ್ಬಿಡಪ್ಪ. ಹೆಂಡತಿಗೆ ಫೋನ್ ಕೊಡು' ಅಂದರು.