ಸ್ಪಷ್ಟನೆ: ಪೋಸ್ಟ್‌ಜಿಐಎಸ್ ಕೊಡುವುದು ಕಿಲೋಮೀಟರ್ ಅಲ್ಲ

ಪೋಸ್ಟ್‌ಜಿಐಎಸ್ ಎಂದರೆ ಡೇಟಾಬೇಸ್‌ನಲ್ಲಿ ನಕ್ಷೆಯ ಲೆಕ್ಕ ಮಾಡುವ ಸಾಫ್ಟ್‌ವೇರ್. ‘ಎಸ್‌ಟಿ_’ಯಿಂದ ಶುರುವಾಗುವ ಹೆಸರುಗಳು ಅದರ ಫಂಕ್ಷನ್‌ಗಳು. ‘ಎಸ್‌ಟಿ_ಲೈನ್‌ಲೊಕೇಟ್‌ಪಾಯಿಂಟ್‌ಗೆ ರಸ್ತೆ, ಪಾಯಿಂಟ್ ಎರಡೂ ಕೊಡಿ, ಕಿಲೋಮೀಟರ್ ಕಲ್ಲಿನ ನಂಬರ್ ಬರುತ್ತೆ’ ಎಂಬ ಮೆಸೇಜ್ ಪುಣೆಯ ನಮ್ಮ ಕನ್ನಡ ಐಟಿ ಗುಂಪುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು.

ಬರುವುದು ಆ ಪಾಯಿಂಟ್ ರಸ್ತೆಯ ಗೆರೆಯ ಒಟ್ಟು ಉದ್ದದ ಎಷ್ಟು ಪಾಲಿನಲ್ಲಿದೆ ಎಂದು ಹೇಳುವ, 0ಯಿಂದ 1ರೊಳಗಿನ ಒಂದು ಸಂಖ್ಯೆ, ಅಷ್ಟೇ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಉದ್ದ ಸುಮಾರು 94.5 ಕಿ.ಮೀ. ಉತ್ತರ 0.25 ಬಂದರೆ, ಗೆರೆ ಶುರುವಾದ ಕಡೆಯಿಂದ ಸುಮಾರು 23.6 ಕಿ.ಮೀ. ಎಂದರ್ಥ. ಆದರೆ ಶುರು ಎಲ್ಲಿ? ಗೆರೆ ಎಳೆದವರು ಮುಂಬೈ ಕಡೆಯ ತುದಿ ಕಳಂಬೋಲಿಯಿಂದ ಎಳೆದಿದ್ದರೆ ಸರಿ. ಪುಣೆ ಕಡೆಯ ತುದಿ ಕಿವಳೆಯಿಂದ ಎಳೆದಿದ್ದರೆ ನೀವು ಹುಡುಕುವ ಜಾಗ ಕಳಂಬೋಲಿಗೆ 70.9 ಕಿ.ಮೀ. ದೂರ! ಆಂಬುಲೆನ್ಸ್ ಕಳಿಸುವವರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಇನ್ನೊಂದು. ಡೇಟಾ 4326ರಲ್ಲಿದ್ದರೆ (ಅಕ್ಷಾಂಶ–ರೇಖಾಂಶದ ನಿರ್ದೇಶಾಂಕ ವ್ಯವಸ್ಥೆಯ ಕೋಡ್) ಜಿಯೋಮೆಟ್ರಿ ಲೆಕ್ಕ ಡಿಗ್ರಿಯಲ್ಲೇ ನಡೆಯುತ್ತದೆ. ಪುಣೆ ಹತ್ತಿರ ರೇಖಾಂಶದ ಒಂದು ಡಿಗ್ರಿ ಅಕ್ಷಾಂಶದ ಡಿಗ್ರಿಗಿಂತ ಸುಮಾರು 5 ಕಿ.ಮೀ. ಕಡಿಮೆ. ಹಾಗಾಗಿ ಮೊದಲು ಮೀಟರ್‌ನಲ್ಲಿ ಅಳೆಯುವ 32643ಕ್ಕೆ ಬದಲಿಸಿ. ರಸ್ತೆ ಮಲ್ಟಿಲೈನ್ (ಹಲವು ತುಂಡು ಗೆರೆಗಳ ಗುಂಪು) ಆಗಿದ್ದರೆ ಫಂಕ್ಷನ್ ಎರರ್ ಕೊಡುತ್ತದೆ. ಎಸ್‌ಟಿ_ಲೈನ್‌ಮರ್ಜ್‌ನಿಂದ ಜೋಡಿಸಿ ನೋಡಿ. ನಡುವೆ ಗ್ಯಾಪ್ ಇದ್ದರೆ ಅದೂ ಜೋಡಿಸುವುದಿಲ್ಲ.

ಕಲ್ಲಿನ ನಂಬರೇ ಬೇಕಾದರೆ ಎಸ್‌ಟಿ_ಆಡ್‌ಮೆಷರ್‌ನಿಂದ ಗೆರೆಗೆ ಶುರು–ಕೊನೆಯ ಕಿಲೋಮೀಟರ್ ಹಾಕಿ, ಎಸ್‌ಟಿ_ಇಂಟರ್‌ಪೊಲೇಟ್‌ಪಾಯಿಂಟ್ ಕೇಳಿ. ಆಗಲೂ ಸಿಗುವುದು ಅಂದಾಜೇ. ಕಲ್ಲುಗಳನ್ನು ಸಮ ಅಂತರದಲ್ಲಿ ನೆಟ್ಟಿರಬೇಕೆಂದೇನಿಲ್ಲ.