ಪರ-ವಿರೋಧ: ಅಮೆರಿಕದ ಕಪ್ಪು ಜನರ ಸಿನಿಮಾ ಹಾಲಿವುಡ್‌ನ ಹೊರಗೇ ಇರಬೇಕೆ?

ಪರ: ಬೀಗದ ಕೈ ಯಾರ ಸೊಂಟದಲ್ಲಿದೆ?

ಕಪ್ಪು ಜನರ ಸಿನಿಮಾದ ಮಾತು ಬಂದಾಗಲೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ. ಕಥೆ ಯಾರದು, ನಾಯಕ ಯಾರು ಎಂದಲ್ಲ. ಗಲ್ಲಾಪೆಟ್ಟಿಗೆಯ ಬೀಗದ ಕೈ ಯಾರ ಸೊಂಟದಲ್ಲಿ ತೂಗುತ್ತಿದೆ?

ಈ ಪ್ರಶ್ನೆ 1915ರಷ್ಟು ಹಳೆಯದು. ಆ ವರ್ಷ ಗ್ರಿಫಿತ್ ಎಂಬ ಮಹಾಶಯ ‘ದಿ ಬರ್ತ್ ಆಫ್ ಎ ನೇಷನ್’ ತೆಗೆದ. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಗಂಡಸರನ್ನು ಕಾಮುಕರಾಗಿ ಆಡಿ ತೋರಿಸಿದರು. ಕಪ್ಪು ಜನರನ್ನು ಬೆದರಿಸಿ ಕೊಲ್ಲುತ್ತಿದ್ದ ಬಿಳಿಯರ ಗುಪ್ತಕೂಟ ಕು ಕ್ಲಕ್ಸ್ ಕ್ಲಾನ್‌ನ ಮುಸುಕುಧಾರಿಗಳು ಕುದುರೆಯೇರಿ ಬಂದು ಮಾನ ಕಾಪಾಡುವ ವೀರರಾದರು. ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ಶ್ವೇತಭವನದಲ್ಲೇ ಹಾಕಿಸಿಕೊಂಡು ನೋಡಿದ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆ ಊರೂರಿನಲ್ಲಿ ಪ್ರತಿಭಟಿಸಿತು, ನಿಷೇಧಿಸಿ ಎಂದು ಮನವಿ ಕೊಟ್ಟಿತು. ಚಿತ್ರ ಮಾತ್ರ ಓಡುತ್ತಲೇ ಇತ್ತು.

ಸರಿಯಾದ ಉತ್ತರ ಬಂದದ್ದು ಮನವಿಪತ್ರದಿಂದಲ್ಲ, ಆಸ್ಕರ್ ಮಿಶೋ ಎಂಬುವರಿಂದ. ರೈಲಿನಲ್ಲಿ ಪೋರ್ಟರ್ ಆಗಿ ದುಡಿದವರು, ಆಮೇಲೆ ದಕ್ಷಿಣ ಡಕೋಟಾದಲ್ಲಿ ಹೊಲ ಉತ್ತವರು, ತಮ್ಮ ಕಾದಂಬರಿಗಳನ್ನು ತಾವೇ ಮನೆಮನೆಗೆ ಹೊತ್ತು ಮಾರಿದವರು. ಸಿನಿಮಾ ಕಂಪನಿ ಕಟ್ಟಲು ಅವರು ಷೇರು ಮಾರಿದ್ದು ರೈತರಿಗೆ. ಚಿತ್ರ ಮುಗಿದ ಮೇಲೆ ರೀಲಿನ ಡಬ್ಬಗಳನ್ನು ತಾವೇ ಊರಿಂದೂರಿಗೆ ಒಯ್ಯುತ್ತಿದ್ದರು, ಮುಂದಿನ ಚಿತ್ರದ ಫೋಟೊಗಳನ್ನು ಟಾಕೀಸಿನ ಮಾಲೀಕರಿಗೆ ತೋರಿಸಿ ಮುಂಗಡ ಎತ್ತುತ್ತಿದ್ದರು. ಕ್ಯಾಂಪಿನಿಂದ ಕ್ಯಾಂಪಿಗೆ ಅಲೆದ ನಮ್ಮ ಕಂಪನಿ ನಾಟಕದ ಮಾಲೀಕರು ಕಂಡಿದ್ದರೆ ತಕ್ಷಣ ಗುರುತು ಹಿಡಿಯುತ್ತಿದ್ದರು.

ಅವರ ‘ವಿದಿನ್ ಅವರ್ ಗೇಟ್ಸ್’ 1920ರ ಜನವರಿಯಲ್ಲಿ ಷಿಕಾಗೊದಲ್ಲಿ ತೆರೆಗೆ ಬಂತು. ಅದೇ ನಗರದಲ್ಲಿ ಆರು ತಿಂಗಳ ಹಿಂದೆ ಜನಾಂಗೀಯ ಗಲಭೆಯಲ್ಲಿ 38 ಜನ ಸತ್ತಿದ್ದರು. ಚಿತ್ರದಲ್ಲಿ ಬಿಳಿಯರ ಗುಂಪು ಕಪ್ಪು ದಂಪತಿಯನ್ನು ನೇಣಿಗೇರಿಸುವ ದೃಶ್ಯವಿದೆ. ಮತ್ತೆ ಗಲಭೆಯಾದೀತೆಂದು ಸೆನ್ಸಾರಿನವರು ಮೊದಲು ತಡೆದಿದ್ದರು. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಬೇರೊಂದು ದೃಶ್ಯ. ಒಬ್ಬ ಕಪ್ಪು ಪಾದ್ರಿ ಬಿಳಿಯ ದೊಡ್ಡವರ ಮುಂದೆ ಹಲ್ಲು ಗಿಂಜುತ್ತಾನೆ, ಅವರಿಂದ ಒದೆಸಿಕೊಂಡೂ ನಗುತ್ತಾನೆ. ಹೊರಗೆ ಬಂದು ಬಾಗಿಲು ಮುಚ್ಚಿಕೊಂಡ ಕ್ಷಣ ಆ ನಗು ಕಳಚಿ ಬೀಳುತ್ತದೆ. ಹೊಟ್ಟೆಪಾಡಿಗೆ ತನ್ನವರನ್ನೇ ಮಾರಿಕೊಂಡೆನೆಂದು ಅವನಿಗೆ ಗೊತ್ತು. ತಮ್ಮವರ ಬಗ್ಗೆ ಇಂಥ ಮಾತನ್ನು ತಮ್ಮವರ ನಡುವೆ ಕುಳಿತೇ ಆಡಬೇಕು. ಬಾಗಿಲ ಆಚೆ ಇರುವವನ ದುಡ್ಡಿನಲ್ಲಿ ಆಡಲಾಗದು.

ಹಾಲಿವುಡ್ ಕೊಟ್ಟದ್ದೇನು? ಪಂಕ್ತಿಭೇದ. ಹ್ಯಾಟಿ ಮೆಕ್‌ಡೇನಿಯಲ್ 1940ರಲ್ಲಿ ಆಸ್ಕರ್ ಗೆದ್ದರು, ಮನೆಗೆಲಸದ ಹೆಂಗಸಿನ ಪಾತ್ರಕ್ಕೆ. ಆ ರಾತ್ರಿ ಅವರನ್ನು ಸಹನಟರಿಂದ ದೂರ, ಗೋಡೆಯ ಪಕ್ಕದ ಸಣ್ಣ ಮೇಜಿನಲ್ಲಿ ಕೂರಿಸಲಾಗಿತ್ತು. 1971ರಲ್ಲಿ ಮೆಲ್ವಿನ್ ವ್ಯಾನ್ ಪೀಬಲ್ಸ್ ಸ್ವಂತ ಹಣ ಮತ್ತು ಸಾಲದಿಂದ ತೆಗೆದ ‘ಸ್ವೀಟ್‌ಬ್ಯಾಕ್’ ಚಿತ್ರಕ್ಕೆ ಮೊದಲು ಸಿಕ್ಕಿದ್ದು ಡೆಟ್ರಾಯಿಟ್‌ನಲ್ಲೊಂದು, ಅಟ್ಲಾಂಟಾದಲ್ಲೊಂದು, ಹೀಗೆ ಎರಡೇ ಚಿತ್ರಮಂದಿರ. ಅದು ಲಕ್ಷಗಟ್ಟಲೆ ಡಾಲರ್ ದುಡಿದದ್ದೇ ತಡ, ಸ್ಟುಡಿಯೊಗಳು ಕಪ್ಪು ನಾಯಕರ ಅಗ್ಗದ ಹೊಡೆದಾಟದ ಚಿತ್ರಗಳ ‘ಬ್ಲ್ಯಾಕ್ಸ್‌ಪ್ಲಾಯಿಟೇಷನ್’ ಎಂಬ ಸಂತೆ ತೆರೆದವು. ಸಿಟ್ಟನ್ನು ಬಿಟ್ಟು ಪಿಸ್ತೂಲನ್ನು ಮಾತ್ರ ಎತ್ತಿಕೊಂಡವು.

ಈಗ ಇಥಿಯೋಪಿಯಾದ ಗೊಂದಾರ್‌ನಲ್ಲಿ ಹುಟ್ಟಿ, ಲಾಸ್ ಏಂಜಲೀಸ್‌ನಲ್ಲಿ ಸಿನಿಮಾ ಕಲಿತು, ವಾಷಿಂಗ್ಟನ್‌ನ ಹವರ್ಡ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾದ ಹೈಲೆ ಗೆರಿಮಾ ಅವರಿಗೆ ಬರುತ್ತೇನೆ. ಅವರ ‘ಸಂಕೋಫಾ’ದಲ್ಲಿ ಇಂದಿನ ರೂಪದರ್ಶಿಯೊಬ್ಬಳು ಘಾನಾದ ಗುಲಾಮರ ಕೋಟೆಯಿಂದ ನೇರ ಹಳೆಯ ತೋಟವೊಂದರ ದಾಸ್ಯಕ್ಕೆ ಬೀಳುತ್ತಾಳೆ. 1993ರ ಬರ್ಲಿನ್ ಉತ್ಸವದ ಸ್ಪರ್ಧೆಯಲ್ಲಿದ್ದ ಚಿತ್ರವದು. ಅಮೆರಿಕದ ಒಬ್ಬ ವಿತರಕನೂ ಕೈಹಾಕಲಿಲ್ಲ. ಗೆರಿಮಾ ಮತ್ತು ಅವರ ಪತ್ನಿ ಶಿರಿಕಿಯಾನಾ ಐನಾ ವಾಷಿಂಗ್ಟನ್‌ನಲ್ಲಿ ತಾವೇ ಚಿತ್ರಮಂದಿರ ಬಾಡಿಗೆಗೆ ಹಿಡಿದರು. ಹನ್ನೊಂದು ವಾರ ಓಡಿತು.

ಆ ಹನ್ನೊಂದು ವಾರಗಳಲ್ಲಿ ಒಂದು ಸಂಜೆ ನಾನು ಅಲ್ಲಿದ್ದೆ. ಪಕ್ಕದ ಮೇರಿಲ್ಯಾಂಡ್‌ನಲ್ಲಿ ಓದುತ್ತಿದ್ದೆ. ಸಹಪಾಠಿಯೊಬ್ಬ ಎಳೆದುಕೊಂಡು ಹೋದ. ಹಿಂದಿನ ಸಾಲಿನಲ್ಲಿ ಚರ್ಚಿಗೆ ಹೋಗುವ ಅಗಲ ಟೊಪ್ಪಿಗೆಯ ಮುದುಕಿ. ತೆರೆಯ ಮೇಲೆ ಚಾವಟಿ ಎದ್ದಾಗಲೆಲ್ಲ ಆಕೆಯ ಗಂಟಲಿನಿಂದ ಸಣ್ಣ ಗುನುಗು ಬರುತ್ತಿತ್ತು, ಪ್ರಾರ್ಥನೆಯೋ ನರಳಿಕೆಯೋ ತಿಳಿಯದು. ದೀಪ ಹತ್ತಿದ ಮೇಲೂ ಯಾರೂ ಏಳಲಿಲ್ಲ. ಬಾಗಿಲಲ್ಲಿ ಒಂದು ಹಾಳೆ ಇಟ್ಟಿದ್ದರು; ಮುಂದಿನ ವಾರ ತಮ್ಮ ಚರ್ಚಿನಿಂದ ಬಸ್ಸಿನಲ್ಲಿ ಎಷ್ಟು ಜನರನ್ನು ಕರೆತರುತ್ತೇವೆ ಎಂದು ಜನ ಬರೆಯುತ್ತಿದ್ದರು. ಮುದುಕಿ ನನ್ನತ್ತ ತಿರುಗಿ, ‘ನಿಮ್ಮ ದೇಶದಲ್ಲೂ ಹೀಗೆ ನಡೆದಿದೆಯೇ ಮಗು?’ ಎಂದರು. ನಾನು ಬ್ರಿಟಿಷರ ಬಗ್ಗೆ ಹೇಳಿದೆ. ನಮ್ಮೂರ ಹೊಲಗೇರಿಯ ಬಗ್ಗೆ ಹೇಳಲಿಲ್ಲ. ಆಕೆ ತಲೆಯಾಡಿಸಿ ನನ್ನ ಕೈ ತಟ್ಟಿ ಹೋದರು. ಆ ತಟ್ಟಿದ್ದನ್ನು ಮೂವತ್ತು ವರ್ಷಗಳಿಂದ ಹೊತ್ತುಕೊಂಡಿದ್ದೇನೆ.

ಸ್ವತಂತ್ರ ಚಿತ್ರಗಳು ಉಳಿಯುವುದಿಲ್ಲ, ಮಿಶೋ ಅವರ ನಲವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಬಹುಪಾಲು ಕಳೆದುಹೋದವು ಎನ್ನುತ್ತಾರೆ. ಹಾಲಿವುಡ್‌ನ ಮೂಕಿ ಚಿತ್ರಗಳಲ್ಲೂ ಬಹುಪಾಲು ಕಳೆದುಹೋಗಿವೆ, ಅದಕ್ಕೇನನ್ನುತ್ತೀರಿ? ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದೆ? ‘ಸಂಕೋಫಾ’ ತಂದ ಹಣದಿಂದ ಗೆರಿಮಾ ದಂಪತಿ ಹವರ್ಡ್ ಎದುರಿನ ಜಾರ್ಜಿಯಾ ಅವೆನ್ಯೂನಲ್ಲಿ ಕಟ್ಟಡ ಕೊಂಡು ಅದೇ ಹೆಸರಿನ ಪುಸ್ತಕದಂಗಡಿ ತೆರೆದರು. ಈಚೆಗೆ ಹೋದಾಗ ಕಾಫಿ ಕುಡಿದು, ಎರಡು ಪುಸ್ತಕ ಕೊಂಡು ಬಂದೆ. ಬಾಗಿಲಿಗೆ ಅವರದೇ ಬೀಗ.

ವಿರೋಧ: ನೋಡಲು ಸಿಗಬೇಕಲ್ಲ?

ಸಂಪಾದಕರು ಫೋನ್ ಮಾಡುವಷ್ಟರಲ್ಲಿ ‘ಪರ’ ಖಾಲಿಯಾಗಿತ್ತು. ಉಳಿದ ಪಾಲು ಇದು. ಮೇಲಿನ ಲೇಖನದ ಗೆಳೆಯರು ಆ ಟೊಪ್ಪಿಗೆಯ ಮುದುಕಿಯ ಕಥೆಯನ್ನು ನನಗೆ ಹತ್ತು ಸಲವಾದರೂ ಹೇಳಿದ್ದಾರೆ. ಪ್ರತಿ ಸಲವೂ ಕೇಳಿದ್ದೇನೆ. ಆದರೂ ಒಪ್ಪಿಕೊಂಡ ಕೆಲಸ ಮಾಡಬೇಕು.

ನನ್ನ ವಾದ ಸರಳ. ಸಿನಿಮಾ ನೋಡಲು ಸಿಗಬೇಕು. ಚಾರ್ಲ್ಸ್ ಬರ್ನೆಟ್ ಅವರ ‘ಕಿಲ್ಲರ್ ಆಫ್ ಷೀಪ್’ ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯ ಕಸಾಯಿಖಾನೆ ಕಾರ್ಮಿಕನೊಬ್ಬನ ಬದುಕು. ವಾರಾಂತ್ಯಗಳಲ್ಲಿ, ಹತ್ತು ಸಾವಿರ ಡಾಲರಿಗೂ ಕಡಿಮೆ ಹಣದಲ್ಲಿ ಚಿತ್ರೀಕರಿಸಿ 1977ರಲ್ಲಿ ಮುಗಿಸಿದರು. ಅದರಲ್ಲಿ ಬಳಸಿದ ಹಾಡುಗಳ ಹಕ್ಕು ಕೊಳ್ಳಲು ದುಡ್ಡಿರಲಿಲ್ಲ. ಚಿತ್ರಮಂದಿರಕ್ಕೆ ಬಂದದ್ದು 2007ರಲ್ಲಿ. ಕ್ಯಾಥ್ಲೀನ್ ಕಾಲಿನ್ಸ್ ಅವರ ‘ಲೂಸಿಂಗ್ ಗ್ರೌಂಡ್’ 1982ರದ್ದು, ಬಿಡುಗಡೆಯಾದದ್ದು 2015ರಲ್ಲಿ. ನಿರ್ದೇಶಕಿ 1988ರಲ್ಲೇ, 46ನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದರು. ಬೀಗದ ಕೈ ಸೊಂಟದಲ್ಲೇ ಇತ್ತು, ತೆರೆಯಲು ಬಾಗಿಲಿರಲಿಲ್ಲ. ಪ್ರತಿಯೊಬ್ಬ ನಿರ್ದೇಶಕನೂ ಪುಸ್ತಕದಂಗಡಿ ತೆರೆದು ಕಾಫಿ ಸೋಸುತ್ತ ಕುಳಿತರೆ ಕ್ಯಾಮೆರಾ ಹಿಡಿಯುವವರು ಯಾರು? ಮತ್ತೆ, ಚರ್ಚಿನ ಬಸ್ಸುಗಳು ಎಷ್ಟೇ ಬರಲಿ, ಮುಂದಿನ ಊರಿಗೆ ಹೊಸದಾಗಿ ಬಸ್ಸು ಹುಡುಕಬೇಕು.

2017ರಲ್ಲಿ ಜೋರ್ಡನ್ ಪೀಲ್ ಅವರ ‘ಗೆಟ್ ಔಟ್’ ಬಂತು. ಸುಮಾರು 45 ಲಕ್ಷ ಡಾಲರ್ ಖರ್ಚು, ಗಳಿಕೆ 25 ಕೋಟಿ ಡಾಲರಿಗೂ ಮೇಲೆ. ವರ್ಣದ್ವೇಷವನ್ನು ಅಷ್ಟು ಕಟುವಾಗಿ ಆಡಿದ್ದನ್ನು ಬಿಳಿಯರೂ ಪಾಪ್‌ಕಾರ್ನ್ ಹಿಡಿದು ನೋಡಿದರು. ದೊಡ್ಡ ಸ್ಟುಡಿಯೊ ಹಂಚದಿದ್ದರೆ ಅವರು ಆ ಟಿಕೆಟ್ ಕೊಳ್ಳುತ್ತಿರಲಿಲ್ಲ.

ಇನ್ನು ರಯಾನ್ ಕೂಗ್ಲರ್. 2013ರ ‘ಫ್ರೂಟ್‌ವೇಲ್ ಸ್ಟೇಷನ್’ ಸಣ್ಣ ಚಿತ್ರ, ಓಕ್‌ಲ್ಯಾಂಡ್‌ನ ರೈಲು ನಿಲ್ದಾಣದಲ್ಲಿ ಪೊಲೀಸ್ ಗುಂಡಿಗೆ ಸತ್ತ ಯುವಕನದು. ಐದು ವರ್ಷದಲ್ಲಿ ಅವರೇ ಆಫ್ರಿಕದ ಸೂಪರ್‌ಹೀರೊ ಒಬ್ಬನ ದೊಡ್ಡ ಸ್ಟುಡಿಯೊ ಚಿತ್ರ ‘ಬ್ಲ್ಯಾಕ್ ಪ್ಯಾಂಥರ್’ ಮಾಡಿದರು. 2025ರ ‘ಸಿನ್ನರ್ಸ್’ಗೆ ಬರುವ ಹೊತ್ತಿಗೆ, ಇಪ್ಪತ್ತೈದು ವರ್ಷದ ಬಳಿಕ ಚಿತ್ರದ ಒಡೆತನ ತಮಗೇ ಮರಳಬೇಕೆಂದು ಸ್ಟುಡಿಯೊದೊಂದಿಗೆ ಕರಾರು ಬರೆಸಿಕೊಂಡರು. ಬೀಗದ ಕೈಯೇ ಬೇಕೆಂದರೆ ಮನೆಯೊಳಗೆ ಹೋಗಿ ಕೇಳುವ ದಾರಿಯೂ ಇದೆ. (ಹೊರಗೆ ಅಷ್ಟು ವರ್ಷ ಕೂಗಿದವರಿಲ್ಲದಿದ್ದರೆ ಒಳಗೆ ಬಿಡುತ್ತಿದ್ದರೇ ಎಂದು ನೀವು ಕೇಳಬಹುದು. ಅದನ್ನು ಗೆಳೆಯರೇ ಬರೆಯಲಿ.)

‘ಬ್ಲ್ಯಾಕ್ ಪ್ಯಾಂಥರ್’ ಎಂದೊಡನೆ ಮಗಳ ಊರು ನೆನಪಾಗುತ್ತದೆ. 2018ರ ಫೆಬ್ರುವರಿಯಲ್ಲಿ ನ್ಯೂಜೆರ್ಸಿಯಲ್ಲಿದ್ದೆ. ಹೊರಗೆ ಕೊರೆಯುವ ಚಳಿ. ಮಲ್ಟಿಪ್ಲೆಕ್ಸಿನ ಒಳಗೆ ಕಾಲಿಟ್ಟರೆ ಮದುವೆ ಮನೆ! ಕೋಟು ಕಳಚಿದರೆ ಒಳಗೆ ಹಳದಿ, ಕಿತ್ತಳೆ, ಕಡುನೀಲಿಯ ಆಫ್ರಿಕನ್ ನಿಲುವಂಗಿಗಳು. ಒಬ್ಬ ಅಜ್ಜಿ ಎತ್ತರದ ಮುಂಡಾಸು ಕಟ್ಟಿಕೊಂಡು, ಏಳೆಂಟು ವರ್ಷದ ಮೊಮ್ಮಗಳ ಹಣೆಗೂ ಅದೇ ಬಟ್ಟೆಯ ಪಟ್ಟಿ ಬಿಗಿಯುತ್ತಿದ್ದರು. ಹುಡುಗಿ ಕುಣಿಯುವುದನ್ನು ಬಿಟ್ಟಿದ್ದರೆ ತಾನೆ ಗಂಟು ನಿಲ್ಲುವುದು. ಸಿನಿಮಾ ಹೇಗಿತ್ತು ಎಂದರೆ, ನನಗೆ ಹೊಡೆದಾಟ ಹೆಚ್ಚಾಯಿತು. ಅರ್ಧದಲ್ಲಿ ತೂಕಡಿಸಿದೆ, ಮಗಳು ಮೊಣಕೈಯಿಂದ ತಿವಿದಳು.

ಹೊರಬರುವಾಗ ಪೋಸ್ಟರಿನ ಮುಂದೆ ಆ ಅಜ್ಜಿ ತಮ್ಮವರು ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿ, ನನ್ನ ಕೈಗೆ ಮೊಬೈಲ್ ಕೊಟ್ಟರು. ತೆಗೆದೆ. ನೋಡಿದರೆ ಅವರ ಮುಂಡಾಸಿನ ತುದಿಯೇ ಕತ್ತರಿಸಿ ಹೋಗಿದೆ. ಇನ್ನೊಂದು ತೆಗೆಯಿರಿ ಎಂದರು. ಎರಡು ಹೆಜ್ಜೆ ಹಿಂದೆ ಸರಿದು ತೆಗೆದೆ.